ಮಾವ ನುಂಗದ ಮಾತ್ರೆ

ಮಾರ್ಚ್ ೧೨, ಗುರುವಾರ

ಮಾವ ನೋವಿನ ಮಾತ್ರೆ ನುಂಗದೆ ದಿಂಬಿನಡಿ ಬಚ್ಚಿಡುತ್ತಿದ್ದುದು ಇವತ್ತು ಹಾಸಿಗೆ ಕೊಡವುವಾಗ ಗೊತ್ತಾಯಿತು. ಕ್ಯಾನ್ಸರಿನ ನೋವನ್ನು ಹಲ್ಲು ಕಚ್ಚಿ ಸಹಿಸುತ್ತಿದ್ದಾರಲ್ಲ! ಯಾಕೆಂದು ಕೇಳಿದರೆ ಗೋಡೆ ಕಡೆ ತಿರುಗಿಕೊಂಡರು.

"ಅದು ನುಂಗಿದ್ರೆ ಹೊಟ್ಟೆ ಕಲ್ಲಾಗುತ್ತೆ ಕಣಮ್ಮ. ಸೊಸೆ ಹತ್ರ ಇದನ್ನೆಲ್ಲ ಹೇಗೆ ಹೇಳ್ಲಿ?"

ಪಾಪ, ನೋವಿಗಿಂತ ನಾಚಿಕೆಯೇ ದೊಡ್ಡದಾಗಿತ್ತು.

ಫೋನ್ ಮಾಡಿದ್ದಕ್ಕೆ ಆಸ್ಪತ್ರೆಯ ನರ್ಸ್ ಮನೆಗೇ ಬಂದು, ಹೊಟ್ಟೆ ಒತ್ತಿ ನೋಡಿ, ಮಲದ್ವಾರಕ್ಕೆ ಗುಳಿಗೆ ಇಟ್ಟರು. "ಈ ನೋವಿನ ಮಾತ್ರೆ ಮಾರ್ಫಿನ್, ಮಲ ಕಟ್ಟಿಸುತ್ತೆ. ಅದರ ಜೊತೆಗೇ ಮಲ ಸಡಿಲಾಗೋ ಔಷಧಿನೂ ದಿನಾ ಕೊಡಿ. ಕಟ್ಟೋವರೆಗೂ ಕಾಯ್ಬೇಡಿ," ಎಂದರು.

ಸಂಜೆ ಕಕ್ಕಸಿನಿಂದಲೇ ಮಾವ ಕೂಗಿದರು, "ಆಯ್ತಮ್ಮಾ, ಆಯ್ತು!" ಬೀದಿಗೆಲ್ಲ ಕೇಳಿಸಿರಬೇಕು. ಹೊರಬಂದವರೇ ನೋವಿನ ಮಾತ್ರೆಯನ್ನು ತಾವಾಗಿಯೇ ಕೇಳಿ ನುಂಗಿದರು.

ಈಗ ಅವರ ಗೊರಕೆ ಕೇಳಿಸುತ್ತಿದೆ. ಮೊದಲೆಲ್ಲ ನಾನು ಬೈದುಕೊಳ್ಳುತ್ತಿದ್ದ ಸದ್ದು, ಇವತ್ತು ಕೇಳುತ್ತಾ ಕೂತರೆ ನೆಮ್ಮದಿಯಾಗುತ್ತಿದೆ.