ಅತ್ತೆಯ ಹುಳುಮನೆಗೊಂದು ಬೋರ್ಡು

ಜನವರಿ 4, ಗುರುವಾರ. ಸಂಜೆ 6

ಮತ್ತೆ ಉಲ್ಟಾ. ಸರ್ಕ್ಯೂಟಿನ ಪ್ರಿಂಟನ್ನು ತಾಮ್ರದ ಬೋರ್ಡಿಗೆ ಇಸ್ತ್ರಿಪೆಟ್ಟಿಗೆಯಿಂದ ಒತ್ತಿ, ಕಾಗದ ನೆನೆಸಿ, ಉಜ್ಜಿ ತೆಗೆದ ಮೇಲೆ ಕಂಡಿತು. ತಾಮ್ರದ ಮೇಲೆ ಅಕ್ಷರಗಳೆಲ್ಲ ಕನ್ನಡಿಯಲ್ಲಿ ನೋಡಿದ ಹಾಗೆ. ಪ್ರಿಂಟ್ ತೆಗೆಯುವಾಗ ತಿರುಗಿಸಲು ಮರೆತಿದ್ದೆ. ಪಾಲಿಟೆಕ್ನಿಕ್‌ನಲ್ಲಿ ಮಕ್ಕಳಿಗೆ ಇದನ್ನೇ ಹತ್ತು ಸಲ ಹೇಳುವವಳು ನಾನು.

ಹೋದ ತಿಂಗಳು ಅತ್ತೆ ರೇಷ್ಮೆ ಹುಳುಮನೆಯ ಹೀಟರ್ ಕಾದಿದೆಯಾ ಎಂದು ಕೈಯಿಟ್ಟು ನೋಡಿದರು. ಬೊಬ್ಬೆ ಎದ್ದದ್ದು ಅವರಿಗೆ ಗೊತ್ತೇ ಆಗಲಿಲ್ಲ. ನಾನೇ ನೋಡಿ ಹೇಳಿದ್ದು. ಕ್ಯಾನ್ಸರ್ ಔಷಧಿ ಮುಗಿದು ಐದು ತಿಂಗಳಾಯಿತು, ಬೆರಳುಗಳು ಇನ್ನೂ ಜೋಮು ಹಿಡಿದೇ ಇವೆ. ಮೊದಲು ಬಾಗಿಲಲ್ಲಿ ಅಂಗೈ ಚಾಚಿದರೆ ಸಾಕು, ಒಳಗೆ ಚಳಿಯೋ ಸೆಕೆಯೋ ಹೇಳಿಬಿಡುತ್ತಿದ್ದರು.

ರೇಷ್ಮೆ ಹುಳುಗಳಿಗೆ ಇಪ್ಪತ್ತೈದು ಡಿಗ್ರಿ ಬೇಕು. ಇಪ್ಪತ್ತೆರಡಕ್ಕೆ ಇಳಿದರೆ ಈ ಬೋರ್ಡು ಕೂಗಬೇಕು. ಅಷ್ಟೇ ಕೆಲಸ.

ಜನವರಿ 7, ಭಾನುವಾರ

ಈ ಸಲ ಸರಿಬಂತು. ಶಿಡ್ಲಘಟ್ಟದಲ್ಲಿ ಟಿ.ವಿ. ರಿಪೇರಿ ಮಾಡುವ ಪರ್ವೇಜ್ ಅಣ್ಣ ಕೊಟ್ಟ ಫೆರಿಕ್ ಕ್ಲೋರೈಡ್. ಪ್ಲಾಸ್ಟಿಕ್ ಟಬ್ಬಿನಲ್ಲಿ ಇಪ್ಪತ್ತು ನಿಮಿಷ ಅಲ್ಲಾಡಿಸಿದೆ. ಬೇಡದ ತಾಮ್ರ ಕರಗಿತು, ಗೆರೆಗಳು ಉಳಿದವು. ನೈಟಿಯ ಮೇಲೆ ಕಂದು ಕಲೆ. ಇನ್ನು ಹೋಗುವುದಿಲ್ಲ.

ಬೆಸುಗೆ ಹಾಕಲು ಕೂತೆ. ಅತ್ತೆ ಬಂದರು. “ಆ ಹೊಗೆ ಹುಳುಮನೆ ಕಡೆ ಬೇಡಮ್ಮ. ಅವು ತಡ್ಕೊಳಲ್ಲ.”

ತಾರಸಿಗೆ ಹೋದೆ. ಅಲ್ಲಿ ಗಾಳಿ, ಸೋಲ್ಡರಿಂಗ್ ಐರನ್ ಕಾಯುವುದೇ ಇಲ್ಲ. ನಮ್ಮ ಯಜಮಾನರು ಚಾಪೆ ತಂದು ಅಡ್ಡ ಹಿಡಿದು ನಿಂತರು. ಒಂದು ಗಂಟೆ. ಏನು, ಎತ್ತ ಅಂತ ಒಂದು ಮಾತು ಕೇಳಲಿಲ್ಲ.

ಜನವರಿ 10, ಬುಧವಾರ

ಹುಳು ಮೂರನೇ ಜ್ವರದ ನಿದ್ದೆಯಿಂದ ಎದ್ದಿವೆ. ಪೊರೆ ಬಿಟ್ಟು ಹಸಿದಿವೆ. ಬೋರ್ಡು ಗೋಡೆಗೆ ಹಾಕಿದೆ. ಸೆನ್ಸಾರ್ ಪಕ್ಕ ಐಸ್ ಹಿಡಿದೆ. ಪೀಂ ಪೀಂ ಎಂದು ಕೂಗಿತು. ಕುಣಿಯುವಷ್ಟು ಖುಷಿ.

ಅತ್ತೆಯ ಮುಖ ಸಣ್ಣಗಾಯಿತು. “ಚೆನ್ನಾಗೈತೆ,” ಅಂದರು. ಹಿಪ್ಪುನೇರಳೆ ಸೊಪ್ಪು ತರಲು ಹೊರಟುಬಿಟ್ಟರು.

ಜನವರಿ 12

ಬೋರ್ಡಿನ ಪ್ಲಗ್ ಅತ್ತೆ ಕಿತ್ತಿಟ್ಟಿದ್ದಾರೆ. ಎರಡನೇ ಸಲ. ನಲವತ್ತು ವರ್ಷ ಕೈಯಿಂದ ಮಾಡಿದ ಕೆಲಸವನ್ನು ಮಿಷನ್ನಿಗೆ ಕೊಟ್ಟೆ ಅಂತ ಬೇಜಾರೋ ಏನೋ. ಇವರನ್ನು ಕೇಳಿದೆ. “ಅಮ್ಮ ನಂಗೆ ಹೇಳಲ್ಲ. ನೀನೇ ಕೇಳು.”

ಕೇಳುವ ಧೈರ್ಯವಿಲ್ಲ.

ಜನವರಿ 16, ಮಂಗಳವಾರ

ಕೇಳಿದೆ. ಸೊಪ್ಪು ಕತ್ತರಿಸುತ್ತಾ ಇದ್ದರು, ತಲೆ ಎತ್ತಲಿಲ್ಲ.

“ಆಸ್ಪತ್ರೇಲಿ ಡ್ರಿಪ್ ಮಿಷನ್ನು ಹಿಂಗೇ ಕೂಗೋದು ಕವಿತಮ್ಮ. ಪಕ್ಕದ ಮಂಚದಲ್ಲಿ ಒಬ್ಬಾಕೆ ಇದ್ಲು, ನನ್ ವಯಸ್ಸಿನೋಳೇ. ಒಂದಿನ ಆಕೇದು ಕೂಗ್ತಾನೇ ಇತ್ತು. ಆಮೇಲೆ ಯಾರೋ ಬಂದು ಆಫ್ ಮಾಡಿದ್ರು.” ಇನ್ನೊಂದು ಹಿಡಿ ಸೊಪ್ಪು ಎಳೆದುಕೊಂಡು, “ನೀನು ಅಷ್ಟು ಕಷ್ಟಬಿದ್ದು ಮಾಡಿದ್ದು. ಹೆಂಗೆ ಹೇಳ್ಲಿ?”

ಪಕ್ಕದಲ್ಲಿ ಕೂತು ನಾನೂ ಸೊಪ್ಪು ಕತ್ತರಿಸಿದೆ.

ಜನವರಿ 17

ಬಜರ್ ಕಿತ್ತೆ. ಬದಲಿಗೆ ಲೈಟು. ವೈರು ಎಳೆದು ಅವರ ಮಂಚದ ಎದುರಿನ ಗೋಡೆಗೆ. ಯಾವ ಬಣ್ಣ ಬೇಕು ಅಂದೆ. “ಕೆಂಪು ಬೇಡ. ಹಳದಿ ಇರ್ಲಿ.”

ಬೆಸುಗೆ ಹಾಕಲು ತಾರಸಿಗೆ ಹೋದೆ, ಅವರೂ ಬಂದರು. ಬೋರ್ಡು ಜಾರುತ್ತಿತ್ತು.

“ಕೊಡು, ನಾನು ಹಿಡ್ಕೊಂತೀನಿ. ನಂಗೆ ಸುಡಲ್ಲ.”

“ಅದಕ್ಕೇ ಹಿಡೀಬಾರ್ದು ಅತ್ತೆ.”

ನನ್ನನ್ನೇ ನೋಡಿದರು. ಬಟ್ಟೆ ಒಣಹಾಕುವ ಕ್ಲಿಪ್ಪು ತಂದು ಅದರಲ್ಲಿ ಹಿಡಿದರು. ಕೈ ಅಲುಗಲಿಲ್ಲ. ಹೊಗೆ ಅವರ ಕಡೆ ತಿರುಗಿದಾಗ ಊದಿ ಓಡಿಸುತ್ತಿದ್ದೆ.

ಜನವರಿ 19, ಶುಕ್ರವಾರ. ಬೆಳಿಗ್ಗೆ 6

ಏಳುವಷ್ಟರಲ್ಲಿ ಹುಳುಮನೆ ಬೆಚ್ಚಗಿತ್ತು. ಅತ್ತೆ ಬಾಗಿಲಲ್ಲೇ ಕೂತಿದ್ದರು, ಶಾಲು ಹೊದ್ದು.

“ಐದು ಗಂಟೆಗೆ ಲೈಟು ಹತ್ಕೊಂತು. ಹೀಟರ್ ಹಾಕ್ದೆ. ಸ್ವಿಚ್ಚಲ್ಲೇ. ಮುಟ್ಲಿಲ್ಲ, ಆಯ್ತಾ?”

“ನನ್ನ ಎಬ್ಬಿಸ್ಬೋದಿತ್ತಲ್ಲ?”

“ಯಾಕೆ? ಇದು ನನ್ ಕೆಲ್ಸ.”

ಕಾಫಿ ಮಾಡಿ ತಂದೆ. ಲೋಟದ ಬಿಸಿ ಮೊದಲು ನಾನು ನೋಡಿ, ಆಮೇಲೆ ಕೊಟ್ಟೆ.

ಜನವರಿ 23, ಮಂಗಳವಾರ. ಮಧ್ಯಾಹ್ನ

ಹುಳು ಹಣ್ಣಾಗಿವೆ, ಇನ್ನು ಸೊಪ್ಪು ತಿನ್ನುವುದಿಲ್ಲ. ಕಾಲೇಜಿಗೆ ರಜೆ ಹಾಕಿದೆ. ಆರಿಸಿ ಆರಿಸಿ ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡಬೇಕು, ಗೂಡು ಕಟ್ಟಲು.

ಅತ್ತೆ ಒಂದು ಹುಳು ತೆಗೆದು ನನ್ನ ಅಂಗೈ ಮೇಲಿಟ್ಟರು.

“ಹೆಂಗೈತೆ?”

“ತಣ್ಣಗಿದೆ ಅತ್ತೆ.”

“ಮೆತ್ತಗೋ?”

“ಹೂಂ. ಮೆತ್ತಗೆ. ಕಾಲು ಕಚಗುಳಿ ಇಟ್ಟಂಗೆ ಆಗತ್ತೆ. ಅಯ್ಯೋ, ಒದ್ದೆ ಮಾಡ್ತು.”

ನಕ್ಕರು. ಔಷಧಿ ಶುರುವಾದ ಮೇಲೆ ಇಷ್ಟು ಜೋರಾಗಿ ನಕ್ಕದ್ದು ನಾನು ಕೇಳಿರಲಿಲ್ಲ. “ಉಚ್ಚೆ ಹುಯ್ತು ಅಂದ್ರೆ ಗೂಡಿಗೆ ರೆಡಿ. ಇನ್ನೊಂದು ಹಿಡಿ. ಹೇಳು.”

ಹೇಳುತ್ತಾ ಹೋದೆ. ಅವರು ಕಣ್ಣು ಮುಚ್ಚಿ ಕೇಳುತ್ತಾ ಹೋದರು. “ಹಂಗೇ ಇರ್ತಿತ್ತು,” ಅಂದರು ಒಂದು ಸಲ.

ಊಟಕ್ಕೆ ಅಂತ ಒಳಗೆ ಬಂದೆ. ಮುಂದಿನ ಬೆಳೆಗೆ ಬೋರ್ಡಿನಲ್ಲಿ ತೇವವನ್ನೂ ತೋರಿಸಬೇಕು. ಅದಕ್ಕೆ ಬೇರೆ ಸೆನ್ಸಾರ್—

ಕರೆಯುತ್ತಿದ್ದಾರೆ. “ಕವಿತಮ್ಮ, ನಿನ್ ಕೈ ತಗೊಂಡ್ ಬಾ.”