ಮಾವನವರು ಕಥೆ ಹೇಳಿದ ಶನಿವಾರ

ಬೂದಿಗೆರೆ
17-3-1968, ಭಾನುವಾರ

ಗೆಳತಿ ಸಪ್ಪಲಮ್ಮನಿಗೆ ನಿನ್ನ ರುಕ್ಮಿಣಿಯ ನೆನಪುಗಳು.

ನಾವು ಇಲ್ಲಿ ಚೆನ್ನಾಗಿದ್ದೇವೆ, ನಮ್ಮ ರೇಷ್ಮೆಹುಳುಗಳೂ ಚೆನ್ನಾಗಿವೆ. ಹೊಸಕೋಟೆಯಲ್ಲಿ ನೀನೂ ನಿನ್ನ ಸ್ಕೂಲಿನ ಮಕ್ಕಳೂ ಹೇಗಿದ್ದೀರಿ, ಬರೆ.

ನಮ್ಮ ಮಗಳು ಮುನಿಲಕ್ಷ್ಮಿಯನ್ನು ನಾಲ್ಕನೇ ಕ್ಲಾಸಿಗೇ ಬಿಡಿಸಿ ಹುಳುವಿನ ಕೆಲಸಕ್ಕೆ ಹಾಕಿಕೊಳ್ಳುವುದೆಂದು ಮಾವನವರು ತೀರ್ಮಾನ ಮಾಡಿದ್ದಾರೆ ಎಂದು ಹೋದ ಕಾಗದದಲ್ಲಿ ಅತ್ತುಕೊಂಡು ಬರೆದಿದ್ದೆನಲ್ಲ, ಈಗ ಆ ಕಣ್ಣೀರು ವಾಪಸ್ಸು ತೆಗೆದುಕೊಳ್ಳುತ್ತೇನೆ. ಹೇಗೆಂದು ಕೇಳು.

ನಮ್ಮ ರಾಮಾಂಜಿನಪ್ಪ ಮೇಷ್ಟ್ರು ಈ ವರ್ಷ ಹೊಸ ಕಟ್ಟಳೆ ಮಾಡಿದ್ದಾರೆ. ಪ್ರತಿ ಶನಿವಾರ ಸ್ಕೂಲಿನ ಟ್ರಂಕಿನಿಂದ ನಾಲ್ಕೈದು ಮಕ್ಕಳಿಗೆ ಕಥೆ ಪುಸ್ತಕ ಕೊಟ್ಟು ಕಳಿಸುತ್ತಾರೆ. ವಾರವೆಲ್ಲ ಮನೆಯಲ್ಲಿ ಗಟ್ಟಿಯಾಗಿ ಓದಬೇಕು. ಮುಂದಿನ ಶನಿವಾರ ಸ್ಕೂಲಿಗೆ ಬಂದು ಆ ಕಥೆ ಹೇಳಬೇಕಾದವರು ಮಗುವಲ್ಲ, ಮನೆಯ ಹಿರಿಯರು. ಮೊದಲೆಲ್ಲ ಮಕ್ಕಳು ಪುಸ್ತಕವನ್ನು ಅಟ್ಟಕ್ಕೆಸೆದು ವಾರ ಕಳೆದು ಹಾಗೇ ತಂದುಕೊಡುತ್ತಿದ್ದವಂತೆ. ಈಗ ಆ ಆಟ ನಡೆಯುವುದಿಲ್ಲ. ಪಕ್ಕದ ಮನೆಯ ಕೊಂಡಪ್ಪನ ಹೆಂಡತಿ ಎರಡು ಮಾತು ಹೇಳುವಷ್ಟರಲ್ಲಿ ನಾಚಿ ಸೆರಗು ಬಾಯಿಗಿಟ್ಟುಕೊಂಡಳಂತೆ, ಆದರೂ ಮಕ್ಕಳು ಚಪ್ಪಾಳೆ ತಟ್ಟಿದವಂತೆ.

ಹೋದ ವಾರದ ಶನಿವಾರ ನಮ್ಮ ಮನೆಗೆ ಪುಸ್ತಕ ಬರುವ ಸರದಿ ಬಂತು. ಹುಳುಮನೆ ಹತ್ತಿರ ಸದ್ದು ಬೇಡ ಎಂದು ಮಾವನವರು ಗದರಿದರು. "ಹೆಣ್ಣುಡ್ಗಿಗೆ ನಾಕು ಅಕ್ಷರ ಬಂತಲ್ಲ, ಸಾಕು ಬಿಡಮ್ಮ" ಎಂದರು. ಹಾಗಾದರೆ ಜಗಲಿಯಲ್ಲಿ ಹುಳುವಿನ ಸೊಪ್ಪು ಹೆಚ್ಚುವಾಗ ಓದಲಿ ಎಂದೆ. ಭಾನುವಾರ ಸಂಜೆ ಅವಳು ಓದಲು ಕೂತಾಗ ಮಾವನವರು ಬೆನ್ನು ತಿರುಗಿಸಿ ಸೊಪ್ಪು ಹೆಚ್ಚುತ್ತಿದ್ದರು. ಕಥೆ ಸಂತೆಯಲ್ಲಿ ಕಳುವಾದ ಒಂದು ಎತ್ತಿನದು. ಎತ್ತಿನ ಹೆಸರು ಬಂದದ್ದೇ ಕುಡುಗೋಲು ನಿಧಾನವಾಯಿತು. ಸೋಮವಾರದ ಹೊತ್ತಿಗೆ ಮುಖವೇ ಇತ್ತ ತಿರುಗಿತ್ತು, ನನಗೆ ಒಳಗೊಳಗೇ ನಗು.

ಕಥೆಯಲ್ಲಿ ಇಬ್ಬರು ಬಂದು ಎತ್ತು ನನ್ನದು, ನನ್ನದು ಎನ್ನುತ್ತಾರೆ. ಪಟೇಲರು ಹಗ್ಗ ಬಿಚ್ಚಿಸಿ, ಅದು ಯಾರ ಹಿಂದೆ ಹೋಗುತ್ತದೋ ಅವರದೇ ಎತ್ತು ಎನ್ನುತ್ತಾರೆ. ಎತ್ತು ಒಂದು ಹೆಜ್ಜೆ ಇಡುತ್ತದೆ. ಅಲ್ಲಿಗೆ ಪುಸ್ತಕ ಮುಗಿದೇ ಹೋಯಿತು. ಹಳೆಯ ಪುಸ್ತಕ, ಹೊಲಿಗೆ ಬಿಟ್ಟುಹೋಗಿ ಕೊನೆಯ ಎರಡು ಹಾಳೆ ಇರಲಿಲ್ಲ.

ಮನೆಯೆಲ್ಲ ಹುಡುಕಿದೆವು. ಹುಳುವಿನ ತಟ್ಟೆಗಳಿಗೆ ನಾವು ಹಳೆಯ ಕಾಗದ ಹಾಸುತ್ತೇವಲ್ಲ, ಅದರ ಜೊತೆ ಹೋಗಿರಬೇಕು ಎಂದೆ ನಾನು. ಕಾಗದ ಹಾಸುವ ಕೆಲಸ ನಮ್ಮವರದು. ಎತ್ತಿ ನೋಡೋಣವೆಂದರೆ ಹುಳುಗಳು ಜ್ವರಕ್ಕೆ ಕೂತಿದ್ದವು. ನಿನಗೆ ಗೊತ್ತಿಲ್ಲ, ಪೊರೆ ಬಿಡುವ ಮೊದಲು ಹುಳು ಒಂದು ದಿನ ತಿನ್ನದೆ ಅಲುಗದೆ ಕೂರುತ್ತದೆ, ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಜ್ವರದ ತಟ್ಟೆಯನ್ನು ಯಾರೂ ಮುಟ್ಟಬಾರದೆಂದು ಕಾನೂನು ಮಾಡಿದವರೇ ಮಾವನವರು. ಆ ಸಂಜೆ ಮೂರು ಸಲ ಬಾಗಿಲವರೆಗೆ ಹೋಗಿ ಬಂದರು, ಮುಟ್ಟಲಿಲ್ಲ.

ಮಂಗಳವಾರ ಹುಳು ಜ್ವರದಿಂದ ಎದ್ದವು. ಮಾವನವರು ತೋಟದಿಂದ ಬರುವಷ್ಟರಲ್ಲಿ ನಮ್ಮವರು ಎಂದಿನಂತೆ ತಟ್ಟೆಗಳ ಕಸವನ್ನೆಲ್ಲ ತಿಪ್ಪೆಗೆ ಸುರಿದಾಗಿತ್ತು. ಪಾಪ, ಅವತ್ತಿನಿಂದ ಶುಕ್ರವಾರದವರೆಗೂ ನಮ್ಮವರಿಗೆ ಊಟದ ಜೊತೆ ಬೈಗುಳ. ಅವರು ತಲೆ ಕೆರೆದುಕೊಂಡು ಸುಮ್ಮನಿದ್ದರು. ಮಾವನವರು ಕೋಲು ಹಿಡಿದು ತಿಪ್ಪೆ ಕೆದಕುವುದನ್ನು ಬೀದಿಯವರೆಲ್ಲ ನೋಡಿದರು.

ನಿನ್ನೆ ಬೆಳಗ್ಗೆ ಮಡಿಪಂಚೆ ಉಟ್ಟು, ರುಮಾಲು ಸುತ್ತಿ, ಕಥೆಯ ಕೊನೆ ಕೇಳಿಕೊಂಡು ಬರುತ್ತೇನೆಂದು ಸ್ಕೂಲಿಗೆ ಹೊರಟೇಬಿಟ್ಟರು. ನಾನೂ ಹಿಂದೆ ಹೋಗಿ ಬಾಗಿಲಲ್ಲಿ ನಿಂತೆ. ಮೇಷ್ಟ್ರು, "ನಂಗೂ ಮರ್ತೋಗಿದೆ ಯಜಮಾನ್ರೇ. ನೀವು ಶುರು ಮಾಡಿ, ಹೇಳ್ತಾ ಹೇಳ್ತಾ ನೆನಪಾದೀತು" ಎಂದರು. ಮಾವನವರು ಶುರು ಮಾಡಿದರು ನೋಡು. ಎತ್ತಿನ ಕೊಂಬು, ಕೊರಳ ಗಂಟೆ, ಸಂತೆಯ ಗದ್ದಲ, ಪುಸ್ತಕದಲ್ಲಿ ಇಲ್ಲದ್ದೆಲ್ಲ ಬಂತು. ನಲವತ್ತು ಮಕ್ಕಳು ಕದಲಲಿಲ್ಲ. ಎತ್ತು ಹೆಜ್ಜೆ ಇಟ್ಟಲ್ಲಿ ನಿಂತುಬಿಟ್ಟರು. ಮೇಷ್ಟ್ರ ಮುಖ ನೋಡಿದರು, ಮೇಷ್ಟ್ರು ಸೂರು ನೋಡಿದರು. ಕೊನೆಗೆ ಮಾವನವರೇ ಗಂಟಲು ಸರಿಮಾಡಿಕೊಂಡು ಹೇಳಿದರು: "ಎತ್ತು ಅವ್ನ ಹಿಂದೂ ಹೋಗ್ಲಿಲ್ಲ, ಇವ್ನ ಹಿಂದೂ ಹೋಗ್ಲಿಲ್ಲ ಕಣ್ರೋ. ದಿನಾ ಕಲಗಚ್ಚು ಇಡ್ತಿದ್ದ ಮಗ್ಳು ಜನದ್ ಹಿಂದೆ ನಿಂತಿದ್ಲು. ನೆಟ್ಟಗೆ ಹೋಗಿ ಅವಳ ಕೈ ಮೂಸ್ತು. ಅವಳಪ್ಪಂದೇ ಎತ್ತು ಅಂತ ಪಟೇಲ್ರು ಅಂದ್ರು."

ಮಕ್ಕಳ ಕೂಗಿಗೆ ಹೆಂಚು ಹಾರಬೇಕಿತ್ತು. ನಮ್ಮ ಮುನಿಲಕ್ಷ್ಮಿ ತಾತನನ್ನೇ ನೋಡುತ್ತಾ ಕೂತಿದ್ದಳು. ನನಗೆ ಕಣ್ಣು ತುಂಬಿ ಬಂತು.

ಹೊರಡುವಾಗ ಮಾವನವರು, ಐದನೇ ಕ್ಲಾಸಿನ ಪುಸ್ತಕಗಳು ಇದಕ್ಕಿಂತ ದಪ್ಪ ಇರುತ್ತವೆಯೇ ಎಂದು ಕೇಳಿದರು. ಇರುತ್ತವೆ, ಆದರೆ ಆ ಕ್ಲಾಸಿನಲ್ಲಿ ಓದುವ ಮಕ್ಕಳ ಮನೆಗೆ ಮಾತ್ರ ಕಳಿಸುವುದು ಎಂದರು ಮೇಷ್ಟ್ರು. ಮನೆ ಹತ್ತಿರ ಬಂದಾಗ ಮಾವನವರು, "ಜೂನ್‌ಗೆ ಹೆಸ್ರು ಬರೆಸ್ರಮ್ಮ. ಸೊಪ್ಪು ಕುಯ್ಯೋಕೆ ನಾನಿದೀನಿ. ಪುಸ್ತಕ ಮಾತ್ರ ನಿನ್ ಗಂಡನ್ ಕೈಗೆ ಸಿಗದಂಗೆ ಮಡಿಕ್ಕೋ" ಎಂದರು.

ಬೇಸಿಗೆ ರಜೆಗೆ ಬಾ. ಬರುವಾಗ ಒಂದು ಕಥೆ ಪುಸ್ತಕ ತಾ. ಹೊಲಿಗೆ ಗಟ್ಟಿಯಾಗಿರಲಿ.

ನಿನ್ನ
ರುಕ್ಮಿಣಿ

ಮರೆತ ಮಾತು: ಮೇಲಿನದನ್ನೆಲ್ಲ ಮಾವನವರು ಮುನಿಲಕ್ಷ್ಮಿಯಿಂದ ಓದಿಸಿ ಕೇಳಿದರು. ತಿಪ್ಪೆಯ ವಿಷಯ ಬಿಡಬಹುದಿತ್ತು ಎಂದರು. ಇಲ್ಲಿಂದ ಮುಂದಿನದು ಸೋಮವಾರ ಬೆಳಗ್ಗೆ, ಅವರು ತೋಟಕ್ಕೆ ಹೋದ ಮೇಲೆ ಬರೆದದ್ದು. ಆ ಎರಡು ಹಾಳೆ ತಟ್ಟೆಗೂ ಹೋಗಿರಲಿಲ್ಲ, ತಿಪ್ಪೆಗೂ ಹೋಗಿರಲಿಲ್ಲ. ನನ್ನ ಸೀರೆ ಪೆಟ್ಟಿಗೆಯಲ್ಲಿವೆ. ಮಗಳ ಓದಿನ ಚಿಂತೆ ಹೇಳಿಕೊಂಡಾಗ ಮೇಷ್ಟ್ರೇ ಹೊಲಿಗೆ ಬಿಚ್ಚಿ ಕೈಗೆ ಕೊಟ್ಟರು. ಉಪಾಯ ಅವರದು, ಸುಳ್ಳು ನನ್ನದು. ಪುಸ್ತಕದ ಕೊನೆ ಮಾವನವರು ಹೇಳಿದ್ದಕ್ಕಿಂತ ಸಪ್ಪೆ. ನನ್ನಿಂದಾಗಿ ನಮ್ಮವರು ಬೈಸಿಕೊಂಡರಲ್ಲ ಎಂದು ಮನಸ್ಸು ತಡೆಯದೆ ನಿನ್ನೆ ಅವರಿಗೆ ಎಲ್ಲ ಹೇಳಿಬಿಟ್ಟೆ. ಅವರು ಸೊಪ್ಪಿನ ಕಂತೆ ಕಟ್ಟುತ್ತಲೇ, "ಗೊತ್ತು ಕಣೇ. ಪಂಚೆ ತಗಿಯೋಕೆ ಪೆಟ್ಗೆ ತೆಗ್ದಾಗ ಹೋದ್ ಸೋಮವಾರವೇ ನೋಡ್ದೆ" ಎಂದರು. ಬೈಗುಳ ಶುರುವಾದದ್ದು ಮಂಗಳವಾರ.