ಗೋಡೆಯ ಮುಟ್ಟಾಳೆ

ನವೆಂಬರ್ ೮, ಶನಿವಾರ

ಜಸೀಲಾಳಿಗೆ ಏನು ಕೊಡುವುದೆಂದು ಇನ್ನೂ ಹೊಳೆದಿಲ್ಲ. ಮದ್ದಿನಿಂದ ನನ್ನ ಕೂದಲು ಉದುರಿದಂದಿನಿಂದ ದಿನಾ ಬೆಳಿಗ್ಗೆ ಪಕ್ಕದ ಮನೆಯಿಂದ ಬಂದು ತಲೆಗೆ ಶಾಲು ಕಟ್ಟಿಕೊಡುವವಳು ಅವಳು. ಇಂದು ಅವಳನ್ನೇ ಕರೆದುಕೊಂಡು ಮೂಡುಬಿದಿರೆಯ ಕರಕುಶಲ ಅಂಗಡಿಗಳನ್ನು ಸುತ್ತಿದೆ. ಏನು ತೋರಿಸಿದರೂ "ನನಗೆ ಯಾಕೆ ಮಾರಾಯ್ತಿ" ಎಂಬ ಒಂದೇ ರಾಗ.

ಕೊನೆಯ ಅಂಗಡಿಯಲ್ಲಿ ಗದ್ದೆ ಕೆಲಸದವರು ತಲೆಗಿಡುವ ಅಡಿಕೆ ಹಾಳೆಯ ಮುಟ್ಟಾಳೆ ಇತ್ತು, ಮೇಲೆ ನವಿಲಿನ ಚಿತ್ರ. ಟೊಪ್ಪಿ ಅಂದ ಮೇಲೆ ಅಳತೆ ನೋಡದೆ ಇರುವುದುಂಟೇ? ಗದ್ದೆಗೆ ಇಳಿಯುವವಳ ಹಾಗೆ ಶಾಲು ಬಿಚ್ಚಿ ತಲೆಗಿಟ್ಟುಕೊಂಡೆ. ಅಂಗಡಿಯವಳು ಓಡಿ ಬಂದಳು.

"ಅಕ್ಕ, ಅದು ತಲೆಗಲ್ಲ, ಗೋಡೆಗೆ!"

ಮೂವರೂ ನಕ್ಕದ್ದೇ ನಕ್ಕದ್ದು. ಮುಟ್ಟಾಳೆ ತೆಗೆದ ಮೇಲೆಯೇ ನನ್ನ ಬೋಳು ತಲೆಯ ನೆನಪಾಯಿತು. ಶಾಲಿಗಾಗಿ ತಡಕಾಡಿದೆ. ಜಸೀಲಾ ಅದನ್ನು ಮಡಚಿ ತನ್ನ ಬ್ಯಾಗಿಗೆ ಹಾಕಿಕೊಂಡಿದ್ದಳು.

"ಸ್ವಲ್ಪ ಗಾಳಿ ತಾಗಲಿ. ನಾಳೆಯಿಂದ ಶಾಲು ಬೇಕಾದರೆ ಮಾತ್ರ ಕರಿ, ಬರ್ತೇನೆ."

ಮುಟ್ಟಾಳೆಯನ್ನೂ ಅವಳೇ ದುಡ್ಡು ಕೊಟ್ಟು ತೆಗೆದುಕೊಟ್ಟಳು. ಕೊಡಲು ಹೋದವಳು ಪಡೆದು ಬಂದೆ. ಈಗ ಅದು ಎದುರಿನ ಮೊಳೆಯಲ್ಲಿ ಉಂಟು.

ಇನ್ನು ಶಾಲು ಬೇಕೆಂದೇನೂ ಇಲ್ಲ. ಆದರೂ ನಾಳೆ ಅವಳನ್ನು ಕರೆಯುತ್ತೇನೆ. ಅವಳ ಕೈ ತಲೆಗೆ ತಾಗದೆ ನನಗೆ ಬೆಳಗಾದ ಹಾಗೆ ಆಗುವುದಿಲ್ಲ.